"ಲಾಂಗ್ ಸ್ಟ್ಯಾಂಡಿಂಗ್" ಎಂದು ಬರೆದ ಆ ರಿಪೋರ್ಟ್

ಶನಿವಾರ ಬೆಳಿಗ್ಗೆ 11.40. ನಾನು ಖಾಸಗಿ ಆಸ್ಪತ್ರೆಯೊಂದರ ರೇಡಿಯಾಲಜಿಸ್ಟ್, ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವವಳು. ಹೊರಗೆ ಸ್ಕ್ಯಾನಿಂಗ್‌ಗೆ ಬಂದ ಗರ್ಭಿಣಿಯರ ಸಾಲು, ಟೇಬಲ್ ಮೇಲೆ ಸಹಿ ಆಗಬೇಕಿದ್ದ ಅವರ ಸ್ಕ್ಯಾನಿಂಗ್ ದಾಖಲೆಯ ಫಾರ್ಮ್ ಎಫ್‌ಗಳ ಕಟ್ಟು. ಇನ್ಶೂರೆನ್ಸ್ ಕ್ಲೇಮ್‌ಗಳನ್ನು ನೋಡಿಕೊಳ್ಳುವ ಟಿಪಿಎ ಡೆಸ್ಕ್‌ನ ಹುಡುಗ ಫೋನ್ ಮಾಡಿದ.

"ಮೇಡಂ, 214ರ ಪೇಷಂಟ್‌ದು ಕ್ವೆರಿ ಬಂದಿದೆ. ಬಿಪಿ ಎಷ್ಟು ವರ್ಷದಿಂದ ಇದೆ ಅಂತ ಕೇಳ್ತಿದ್ದಾರೆ. ನಿಮ್ಮ ಎಂಆರ್‌ಐ ರಿಪೋರ್ಟ್‌ನಲ್ಲಿ ಲಾಂಗ್ ಸ್ಟ್ಯಾಂಡಿಂಗ್ ಅಂತ ಇದೆಯಲ್ಲ ಮೇಡಂ."

"ಅದನ್ನ ಫಿಸಿಶಿಯನ್ ಹತ್ರ ಕೇಳಪ್ಪ. ನಾನು ರಿಪೋರ್ಟ್ ಬದಲಾಯಿಸಲ್ಲ" ಅಂದು ಫೋನ್ ಇಟ್ಟೆ.

ಬದಲಾಯಿಸಿ ಅಂತ ಅವನು ಕೇಳಿಯೇ ಇರಲಿಲ್ಲ.

ಪೇಷಂಟ್ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರ, ವಯಸ್ಸು 52. ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಹಿಂದಿನ ರಾತ್ರಿ ದಾವಣಗೆರೆಗೆ ಬಂದಿದ್ದರು. ರಿಕ್ವೆಸ್ಟ್ ಚೀಟಿಯಲ್ಲಿ ಇದ್ದದ್ದು 'ಸಿವಿಎ?' ಅಷ್ಟೇ, ಅಂದರೆ ಸ್ಟ್ರೋಕ್ ಇರಬಹುದೇ ಅಂತ. ಹಿಂದಿನ ಕಾಯಿಲೆಗಳನ್ನು ಬರೆಯುವ ಹಿಸ್ಟರಿ ಕಾಲಂ ಖಾಲಿ. ಡಿಡಬ್ಲ್ಯೂಐ ಎಂಬ ಎಂಆರ್‌ಐ ಸೀಕ್ವೆನ್ಸ್‌ನಲ್ಲಿ (ಸೀಕ್ವೆನ್ಸ್ ಅಂದರೆ ಒಂದು ಬಗೆಯ ಚಿತ್ರ) ಮೆದುಳಿನ ಎಡಗಡೆಯ ಕರೋನಾ ರೇಡಿಯೇಟಾ ಎಂಬ ಭಾಗ ಬೆಳ್ಳಗೆ ಹೊಳೆಯುತ್ತಿತ್ತು, ಅದರ ಜೊತೆಯ ಎಡಿಸಿ ಚಿತ್ರದಲ್ಲಿ ಅದೇ ಜಾಗ ಕಪ್ಪು. ಅಕ್ಯೂಟ್ ಇನ್‌ಫಾರ್ಕ್ಟ್, ರಕ್ತ ಹರಿಯದೆ ಆದ ಹೊಸ ಹಾನಿ. ಅದರಲ್ಲಿ ಅನುಮಾನವೇ ಇರಲಿಲ್ಲ. ಫ್ಲೇರ್ ಎಂಬ ಇನ್ನೊಂದು ಸೀಕ್ವೆನ್ಸ್‌ನಲ್ಲಿ ಅಲ್ಲಲ್ಲಿ ಸಣ್ಣ ಬಿಳಿ ಚುಕ್ಕೆಗಳಿದ್ದವು, ಫಜೆಕಾಸ್ ಗ್ರೇಡ್ 1, ಅಂದರೆ ಸೌಮ್ಯ. ಐವತ್ತು ದಾಟಿದ ಎಷ್ಟೋ ಜನರಲ್ಲಿ ಕಾಣುವಂಥದ್ದೇ. ಆ ಚುಕ್ಕೆಗಳಿಗೆ ನನ್ನ ಟೆಂಪ್ಲೇಟ್‌ನಲ್ಲಿ ಒಂದು ರೆಡಿ ಸಾಲಿತ್ತು: "ಕ್ರಾನಿಕ್ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್, ಸೆಕೆಂಡರಿ ಟು ಲಾಂಗ್ ಸ್ಟ್ಯಾಂಡಿಂಗ್ ಹೈಪರ್‌ಟೆನ್ಷನ್." ಅಂದರೆ ಬಹಳ ವರ್ಷದ ಬಿಪಿಯಿಂದ ಮೆದುಳಿನ ಸಣ್ಣ ರಕ್ತನಾಳಗಳಲ್ಲಿ ಆದ ಹಳೇ ಬದಲಾವಣೆ. ಒಂದು ಕೀ ಒತ್ತಿದರೆ ಇಂಪ್ರೆಶನ್‌ನಲ್ಲಿ, ಅಂದರೆ ರಿಪೋರ್ಟಿನ ತೀರ್ಮಾನದ ಭಾಗದಲ್ಲಿ, ಬಂದು ಕೂರುತ್ತದೆ. ಒತ್ತಿದೆ. ಸಹಿ ಹಾಕಿ ಮುಂದಿನ ಕೇಸ್ ತೆರೆದೆ.

ಎಂಬಿಬಿಎಸ್ ಆಗಿ ಮೂರು ವರ್ಷ ಎಂಡಿ ಮಾಡಿದ್ದು ಸರ್ಕಾರಿ ಕಾಲೇಜಿನಲ್ಲಿ. ಅಲ್ಲಿ ಬರುತ್ತಿದ್ದವರಲ್ಲಿ ಬಿಪಿಎಲ್ ಕಾರ್ಡ್‌ನವರೇ ಜಾಸ್ತಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಅವರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಹಳೇ ಕಾಯಿಲೆ, ಹೊಸ ಕಾಯಿಲೆ ಎಂಬ ಭೇದ ಅಲ್ಲಿಲ್ಲ, ಮೊದಲ ದಿನದಿಂದಲೇ ಅನ್ವಯ. ಹಾಗಾಗಿ ರಿಪೋರ್ಟ್‌ನಲ್ಲಿ 'ಕ್ರಾನಿಕ್' ಅಂತ ಬರೆದರೆ ಯಾರ ಬಿಲ್ಲೂ ನಿಲ್ಲುತ್ತಿರಲಿಲ್ಲ. ಖಾಸಗಿ ಆಸ್ಪತ್ರೆಗೆ ಸೇರಿದಾಗ ಇನ್ಶೂರೆನ್ಸ್ ಕಂಪನಿಗಳ ಪಟ್ಟಿಗೆ ಆಸ್ಪತ್ರೆ ಸೇರುವ ಎಂಪ್ಯಾನೆಲ್‌ಮೆಂಟ್ ಫೈಲ್‌ಗೆ ಅಂತ ಎಂಡಿ ಸರ್ಟಿಫಿಕೇಟ್, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿಯ ಜೆರಾಕ್ಸ್ ತೆಗೆದುಕೊಂಡರು. ಇನ್ಶೂರೆನ್ಸ್ ವಿಚಾರದಲ್ಲಿ ನನ್ನ ಪಾತ್ರ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನನ್ನ ರಿಪೋರ್ಟನ್ನು ಇನ್ಶೂರೆನ್ಸ್ ಕಡೆ ಕೂತು ಇನ್ನೊಬ್ಬ ಡಾಕ್ಟರ್ ಓದುತ್ತಾರೆ, ಅವರು ಇನ್‌ಫಾರ್ಕ್ಟ್ ಎಲ್ಲಿದೆ ಅಂತಲ್ಲ, ಕಾಯಿಲೆ ಯಾವಾಗಿನಿಂದ ಇದೆ ಅಂತ ಹುಡುಕುತ್ತಾರೆ ಅನ್ನೋದು ನನ್ನ ತಲೆಗೇ ಬಂದಿರಲಿಲ್ಲ.

ಆ ರೈತರ ಹೆಲ್ತ್ ಇನ್ಶೂರೆನ್ಸ್ ಪಾಲಿಸಿಗೆ ಎರಡು ವರ್ಷವೂ ತುಂಬಿರಲಿಲ್ಲ. ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ನಿಯಮದ ಪ್ರಕಾರ ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ, ಮೋಸ ಸಾಬೀತಾಗದ ಹೊರತು, ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ. ಅದಕ್ಕೂ ಮೊದಲು ಕೇಳಬಹುದು. ಕೇಳಿದರು. ಕೇಳಲು ಆಧಾರ ಕೊಟ್ಟವಳು ನಾನು.

ನಾಲ್ಕು ಗಂಟೆಗೆ ಕ್ಯಾಶ್‌ಲೆಸ್ ಡಿನೈಯಲ್ ಬಂತು, ಆಸ್ಪತ್ರೆ ಬಿಲ್ಲನ್ನು ಕಂಪನಿ ನೇರವಾಗಿ ಕಟ್ಟುವುದಿಲ್ಲ ಅಂತ. ನನಗೆ ಗೊತ್ತಾಗಿದ್ದು ಅವರ ಹೆಂಡತಿ ರಿಪೋರ್ಟ್ ಹಿಡಿದು ಬಾಗಿಲಲ್ಲಿ ನಿಂತಾಗ. ಜೊತೆಗೆ ಇಪ್ಪತ್ತರ ಆಸುಪಾಸಿನ ಮಗ.

"ಡಾಕ್ಟ್ರೇ, ನಮ್ಮ ಯಜಮಾನ್ರಿಗೆ ಬಿಪಿ ಇರಲೇ ಇಲ್ಲ. ಇದರಲ್ಲಿ ಭಾಳ ವರ್ಷದಿಂದ ಇದೆ ಅಂತ ಬರೆದಿದೆಯಂತೆ. ನಿಮಗೆ ಯಾರು ಹೇಳಿದ್ರು?"

ಕೋಪ ಇರಲಿಲ್ಲ ಆ ದನಿಯಲ್ಲಿ. ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದರು. ಊರಲ್ಲಿ ಯಾರೋ ನಮ್ಮ ಬಗ್ಗೆ ಸುಳ್ಳು ಹೇಳಿದ್ದಾರೆ ಅಂತ ಅವರು ಅಂದುಕೊಂಡಿದ್ದರು. ನಾನು ರಿಪೋರ್ಟ್ ಕೈಗೆ ತೆಗೆದುಕೊಂಡೆ. ಆ ಸಾಲಿನ ಕೆಳಗೆ ಯಾರೋ ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು. ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಆ ಚುಕ್ಕೆಗಳೂ ಹೇಳಿರಲಿಲ್ಲ. ವಯಸ್ಸು, ಶುಗರ್, ಸಿಗರೇಟು, ಮೈಗ್ರೇನ್, ಏನು ಬೇಕಾದರೂ ಕಾರಣ ಇರಬಹುದು. ಬಿಪಿ ಎಷ್ಟು ವರ್ಷದ್ದು ಅಂತ ಹೇಳುವ ಸೀಕ್ವೆನ್ಸ್ ಯಾವ ಎಂಆರ್‌ಐ ಮೆಷಿನ್‌ನಲ್ಲೂ ಇಲ್ಲ.

"ಯಾರೂ ಹೇಳಿಲ್ಲಮ್ಮ. ನಾನೇ ಬರೆದದ್ದು. ಹಾಗೆ ಬರೀಬಾರದಿತ್ತು" ಅಂದೆ. ಮಗ ನನ್ನ ಮುಖವನ್ನೇ ನೋಡುತ್ತಾ ನಿಂತ. ಆ ತಾಯಿ ಕೈಬಳೆಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ಸೋಮವಾರ ಆ ಬಳೆಗಳು ಬ್ಯಾಂಕಿನಲ್ಲಿದ್ದವು ಅಂತ ಆಮೇಲೆ ಗೊತ್ತಾಯಿತು.

ಮೇಲೆ ಹೋಗಿ ಫಿಸಿಶಿಯನ್ ಜೊತೆ ಕೂತೆ. ಅಡ್ಮಿಷನ್‌ನಲ್ಲಿ ಬಿಪಿ 170/100. ಆದರೆ ಸ್ಟ್ರೋಕ್ ಆದ ಮೊದಲ ಗಂಟೆಗಳಲ್ಲಿ ಬಿಪಿ ಏರುವುದು ಮಾಮೂಲು. ಹಳೇ ಬಿಪಿಯ ಗುರುತುಗಳೂ ಇರಲಿಲ್ಲ: ಎಕೋದಲ್ಲಿ ಎಲ್‌ವಿಎಚ್ (ಹೃದಯದ ಗೋಡೆ ದಪ್ಪವಾಗುವುದು) ಇಲ್ಲ, ಕಿಡ್ನಿ ಪರೀಕ್ಷೆ ಕ್ರಿಯಾಟಿನಿನ್ ನಾರ್ಮಲ್, ಕಣ್ಣಿನ ಫಂಡಸ್ (ಒಳಗಿನ ಹಿಂಭಾಗ) ಸರಿಯಾಗಿದೆ. ಇಷ್ಟೆಲ್ಲ ಅದೇ ಫೈಲ್‌ನಲ್ಲಿ ಬೆಳಿಗ್ಗೆಯಿಂದ ಇತ್ತು. ಸಹಿ ಹಾಕಿದ ಮೂಲ ರಿಪೋರ್ಟ್ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಅದಕ್ಕೆ ಸೇರಿಸುವ ಟಿಪ್ಪಣಿ, ಅಡೆಂಡಮ್ ಬರೆದೆ, ದಿನಾಂಕ ಮತ್ತು ಸಮಯದ ಸಮೇತ: ವೈಟ್ ಮ್ಯಾಟರ್ ಬದಲಾವಣೆಗಳು (ಆ ಬಿಳಿ ಚುಕ್ಕೆಗಳು) ನಾನ್‌ಸ್ಪೆಸಿಫಿಕ್, ಇವುಗಳಿಂದ ಹೈಪರ್‌ಟೆನ್ಷನ್ ಇದೆ ಎಂದಾಗಲಿ ಎಷ್ಟು ಕಾಲದ್ದು ಎಂದಾಗಲಿ ನಿರ್ಧರಿಸಲು ಆಗದು, ಹಿಂದಿನ ಸಾಲನ್ನು ಕ್ಲಿನಿಕಲ್ ಹಿಸ್ಟರಿ ಇಲ್ಲದೆ ಬರೆಯಲಾಗಿತ್ತು. ಬೆಳಿಗ್ಗೆ 11.40ಕ್ಕೆ ಇದೇ ನಾಲ್ಕು ಸಾಲು ಬರೆದಿದ್ದರೆ ಕ್ವೆರಿಗೆ ಉತ್ತರವಾಗಿ ಹೋಗುತ್ತಿತ್ತು. ಡಿನೈಯಲ್ ಆದ ಮೇಲೆ ಹೋದದ್ದಕ್ಕೆ "ರೀಇಂಬರ್ಸ್‌ಮೆಂಟ್‌ನಲ್ಲಿ ಬನ್ನಿ" ಅಂತ ಒಂದೇ ಸಾಲಿನ ಮೇಲ್ ಬಂತು, ಅಂದರೆ ಮೊದಲು ಬಿಲ್ ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಿ ಅಂತ.

ಐದು ತಿಂಗಳು ಹಿಡಿಯಿತು. ಕ್ಲೇಮ್ ಮತ್ತೊಮ್ಮೆ ತಿರಸ್ಕಾರವಾಯಿತು. ಕಂಪನಿಯ ದೂರು ವಿಭಾಗಕ್ಕೆ ಅಡೆಂಡಮ್, ಫಿಸಿಶಿಯನ್ ಪತ್ರ, ಎಕೋ ಎಲ್ಲ ಸೇರಿಸಿ ಬರೆದರು. ಅಲ್ಲೂ ಆಗದಿದ್ದರೆ ಕಂಪನಿಗಳ ವಿರುದ್ಧದ ದೂರು ತೀರ್ಮಾನಿಸುವ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿಗೆ ಹೋಗೋಣ, ಅಲ್ಲಿ ಫೀಸೂ ಇಲ್ಲ ವಕೀಲರೂ ಬೇಡ ಅಂತ ಮಗನಿಗೆ ಹೇಳಿ ಅರ್ಜಿ ಸಿದ್ಧ ಮಾಡಿಟ್ಟಿದ್ದೆ. ಅದು ಬೇಕಾಗಲಿಲ್ಲ, ಹಣ ಬಂತು. ಬಳೆಯ ಮೇಲಿನ ಬಡ್ಡಿ ಮಾತ್ರ ಯಾವ ಕ್ಲೇಮ್ ಫಾರ್ಮ್‌ನಲ್ಲೂ ಬರೆಯಲು ಜಾಗವಿಲ್ಲ.

ಆಡಳಿತದವರಿಗೆ ಎರಡು ವಿಷಯ ಕೇಳಿಕೊಂಡೆ. ಹಿಸ್ಟರಿ ತುಂಬದೆ ರಿಕ್ವೆಸ್ಟ್ ಮುಂದೆ ಹೋಗದ ಹಾಗೆ ಸಾಫ್ಟ್‌ವೇರ್ ಮಾಡಿ, ಟಿಪಿಎ ಕ್ವೆರಿಯನ್ನು ಫೋನಿನಲ್ಲಿ ಹೇಳದೆ ಬರಹದಲ್ಲಿ ಕಳಿಸಿ ಅಂತ. ಎರಡನೆಯದು ಆಯಿತು. ಮೊದಲನೆಯದಕ್ಕೆ "ಟರ್ನ್‌ಅರೌಂಡ್ ಟೈಮ್ ಜಾಸ್ತಿ ಆಗುತ್ತೆ ಮೇಡಂ" ಅಂದರು. ಟೆಂಪ್ಲೇಟ್‌ನ ಆ ಸಾಲನ್ನು ಮೂರೂ ವರ್ಕ್‌ಸ್ಟೇಷನ್‌ಗಳಿಂದ ನಾನೇ ಕೂತು ಅಳಿಸಿದೆ.

ನಿನ್ನೆ ಮತ್ತೊಂದು ಚೀಟಿ ಬಂತು. 'ಸಿವಿಎ?' ಅಷ್ಟೇ. ಪೇಷಂಟ್ ಮೆಷಿನ್ ಒಳಗಿದ್ದಾಗಲೇ ವಾರ್ಡ್‌ಗೆ ಫೋನ್ ಮಾಡಿದೆ. ಸಿಸ್ಟರ್ ಮನೆಯವರನ್ನು ಕೇಳಿಕೊಂಡು ಬಂದರು. "ನಾಲ್ಕು ವರ್ಷದಿಂದ ಬಿಪಿ ಮಾತ್ರೆ ತಗೋತಾರಂತೆ ಮೇಡಂ. ಹೋದ ತಿಂಗಳು ಬಿಟ್ಟಿದ್ದಾರಂತೆ." ಅದನ್ನು ಹಾಗೇ ಹಿಸ್ಟರಿ ಕಾಲಂನಲ್ಲಿ, ಮನೆಯವರು ಹೇಳಿದ್ದು ಅಂತ ಬರೆದೆ. ಇಂಪ್ರೆಶನ್‌ನಲ್ಲಿ ಫಿಲ್ಮ್‌ನಲ್ಲಿ ಕಂಡದ್ದನ್ನಷ್ಟೇ ಬರೆದು ಸಹಿ ಹಾಕಿದೆ.