ಮಾವನ ಡಬ್ಬಿ: ಮೂರನೇ ಸುತ್ತು

ಹೊಲದ ಕಲ್ಲುಗಳನ್ನು ನೀರು, ಪುಡಿಯ ಜೊತೆ ತಿರುಗುವ ಡಬ್ಬಿಗೆ ಹಾಕಿ, ಸವೆಸಿ, ಹೊಳಪು ಬರಿಸೋದು ನಮ್ಮ ಹವ್ಯಾಸ. ಈ ಸಲದ ಕಲ್ಲುಗಳು ಡಬ್ಬಿಗೆ ಬಿದ್ದು ಇವತ್ತಿಗೆ 34 ದಿನ. ಇದು ಮೂರನೇ ಸುತ್ತು. ಹಿಂದಿನ ಎರಡೂ ಕೆಟ್ಟವು.

ಜೊತೆಗಾರರು ನನ್ನ ಮಾವ, ಹೆಂಡತಿಯ ತಂದೆ. ಮೂವತ್ತು ವರ್ಷ ವಿಜಯಪುರದಲ್ಲಿ ಮೊಸಾಯಿಕ್ ನೆಲ ತಿಕ್ಕಿದವರು. ಈಗ ಬೆಂಗಳೂರಿಗೆ ನಮ್ಮ ಮನೆಗೆ ಬಂದಿದ್ದಾರೆ. ಬರುವಾಗ ಅರ್ಧ ಸಿಮೆಂಟ್ ಚೀಲ ಹೊಲದ ಕಲ್ಲು ತಂದರು. ಅದನ್ನು ಬಸ್ಸಿನ ಡಿಕ್ಕಿಗೆ ಏರಿಸಿದ ಕತೆಯನ್ನು ಅತ್ತೆ ಇನ್ನೂ ಹೇಳುತ್ತಲೇ ಇದ್ದಾರೆ.

ಆ ಕಲ್ಲು ಸುಮ್ನೆ ಕಲ್ಲಲ್ಲ. ಆ ಸೀಮೆಯ ನೆಲದ ಕೆಳಗಿರೋದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದು ಆರುವಾಗ ಒಳಗೆ ಅನಿಲದ ಗುಳ್ಳೆಗಳು ಹಾಗೇ ಉಳಿದವು. ಸಿಲಿಕಾ (ಮರಳಿನ ಮುಖ್ಯ ಅಂಶ) ಕರಗಿದ ನೀರು ಆ ಗುಳ್ಳೆಗಳಿಗೆ ಇಳಿದು, ಪದರ ಪದರವಾಗಿ ಕೂತು ಅಗೇಟ್ ಆಯಿತು. ಮೇಲಿನ ಬಸಾಲ್ಟ್, ಅಂದರೆ ಆರಿ ಕಲ್ಲಾದ ಆ ಲಾವಾ, ಸವೆದು, ಕೊಳೆತು, ಎರೆ ಮಣ್ಣಾಯಿತು. ಅಗೇಟ್‌ಗೆ ಮಳೆ ಬಿಸಿಲು ಏನೂ ಮಾಡಲಿಲ್ಲ. ಅದಕ್ಕೇ ನೇಗಿಲಿಗೆ ಸಿಗುತ್ತದೆ, ರೈತರು ಬೈದುಕೊಂಡು ಬದುವಿಗೆ ಎಸೆಯುತ್ತಾರೆ. ಹೊರಗಿನಿಂದ ಆಲೂಗಡ್ಡೆ ಥರ ಇರುತ್ತೆ. ಒಡೆದ ಜಾಗದಲ್ಲಿ ನೀರು ಹಚ್ಚಿದರೆ ಮಾತ್ರ ಒಳಗಿನ ಗೆರೆ ಕಾಣುತ್ತೆ.

ಡಬ್ಬಿ ನಾವೇ ಮಾಡಿದ್ದು. ನಾಲ್ಕಿಂಚಿನ ಪಿವಿಸಿ ಪೈಪಿನ ಒಂದು ಗೇಣು ತುಂಡು, ಒಂದು ಕಡೆ ಅಂಟಿಸಿದ ಮುಚ್ಚಳ, ಇನ್ನೊಂದು ಕಡೆ ರಬ್ಬರ್ ವಾಷರ್ ಇರುವ ತಿರುಪು ಮುಚ್ಚಳ. ಅದು ಎರಡು ರೋಲರ್ ಮೇಲೆ ಮಲಗಿ ನಿಮಿಷಕ್ಕೆ ಅರವತ್ತು ಸುತ್ತು ತಿರುಗುತ್ತದೆ. ಮೊದಲು ವೇಗ ಇದಕ್ಕಿಂತ ತುಂಬಾ ಜಾಸ್ತಿ ಇತ್ತು. ಆಗ ಕಲ್ಲುಗಳು ವಾಷಿಂಗ್ ಮಷೀನಿನ ಡ್ರೈಯರ್‌ನಲ್ಲಿ ಬಟ್ಟೆ ಅಂಟಿದ ಹಾಗೆ ಗೋಡೆಗೇ ಅಂಟಿಕೊಂಡು ಸುತ್ತುತ್ತಿದ್ದವು. ಅವು ಒಂದರ ಮೇಲೊಂದು ಜಾರಿ ಬೀಳಬೇಕು. ಶಬ್ದದಲ್ಲೇ ಗೊತ್ತಾಗುತ್ತೆ. ಸರಿಯಾಗಿದ್ದರೆ ಮಳೆ ಸುರಿದ ಹಾಗೆ ಕೇಳುತ್ತೆ. ಟಕ್ ಟಕ್ ಅಂದರೆ ಒಳಗೆ ಕಲ್ಲು ಕಡಿಮೆ. ಮುಕ್ಕಾಲು ಭಾಗ ಕಲ್ಲು ತುಂಬಲೇಬೇಕು.

ಮೊದಲ ಸುತ್ತು ಹಾಳಾಗಿದ್ದು ನನ್ನಿಂದ. ಚೀಲದಲ್ಲಿ ಹೊಳೆಯುವ ಬಿಳಿ ತುಂಡುಗಳೂ ಇದ್ದವು, ಚೆನ್ನಾಗಿವೆ ಅಂತ ಐದಾರು ಸೇರಿಸಿದೆ. ವಾರ ಬಿಟ್ಟು ತೆರೆದರೆ ಅವು ಇಲ್ಲವೇ ಇಲ್ಲ! ಬರೀ ಮಜ್ಜಿಗೆಯಂಥ ನೀರು. ಕ್ಯಾಲ್ಸೈಟ್ ಅದು. ಹತ್ತರವರೆಗಿನ ಗಡಸುತನದ ಲೆಕ್ಕದಲ್ಲಿ ಮೂರು, ಅಗೇಟ್ ಏಳರ ಹತ್ತಿರ. ಮೆತ್ತನೆಯ ಕಲ್ಲಿನ ಕೆಸರು ಜಾಸ್ತಿಯಾಗಿ ಗಟ್ಟಿ ಕಲ್ಲುಗಳೂ ಸವೆದಿರಲಿಲ್ಲ. ಈಗ ಪ್ರತಿ ಕಲ್ಲಿಗೂ ಎರಡು ಪರೀಕ್ಷೆ. ಚಾಕುವಿನ ತುದಿಯಿಂದ ಗೀಚುವುದು. ಅನುಮಾನ ಬಂದರೆ ಒಂದು ಹನಿ ನಿಂಬೆ ರಸ. ಗುಳ್ಳೆ ಬಂದರೆ ಆ ಕಲ್ಲು ತುಳಸಿ ಕುಂಡಕ್ಕೆ.

ಅದೇ ಸುತ್ತಿನ ಕೆಸರನ್ನು ಬಚ್ಚಲಿಗೆ ಸುರಿದೆ. ಅದು ಪೈಪಿನೊಳಗೆ ಕೂತು ಸಿಮೆಂಟ್ ಆಯಿತು. ಪ್ಲಂಬರ್ ಬಂದು ಪೈಪು ಕತ್ತರಿಸಿದ. ಈ ವಿಷಯ ಇಷ್ಟಕ್ಕೇ ಸಾಕು. ಈಗ ಕೆಸರು ಬಕೆಟ್ಟಿಗೆ ಹೋಗುತ್ತೆ, ತಳಕ್ಕೆ ಕೂತು ಒಣಗಿದ ಮೇಲೆ ಕಸಕ್ಕೆ.

ಎರಡನೇ ಸುತ್ತು ಕೆಟ್ಟಿದ್ದು ಇನ್ನೂ ಬೇಜಾರು. 80ನೇ ನಂಬರ್ ಕಾರ್ಬೊರಂಡಮ್ ಪುಡಿ (ಕಲ್ಲು ಸವೆಸುವ ಪುಡಿ, ನಂಬರ್ ದೊಡ್ಡದಾದಷ್ಟೂ ನಯ) ಎರಡು ವಾರ, 220 ಒಂದು ವಾರ, 600 ಒಂದು ವಾರ. ಅಷ್ಟೂ ಚೆನ್ನಾಗಿತ್ತು. ಕೊನೆಗೆ ಪಾಲಿಶ್ ಪುಡಿಯಾದ ಸೀರಿಯಂ ಆಕ್ಸೈಡ್ ಹಾಕಿ ವಾರ ತಿರುಗಿಸಿ ತೆಗೆದರೆ ಒಂದೊಂದರ ಮೇಲೂ ಕೂದಲೆಳೆ ಗೀರು. ಮಾವ ಕನ್ನಡಕ ಏರಿಸಿ ನೋಡಿದರು. ಆಮೇಲೆ ಮುಚ್ಚಳ ತೆಗೆದು ವಾಷರ್ ಕಿತ್ತರು. ಅದರ ಹಿಂದೆ 80ನೇ ನಂಬರ್ ಪುಡಿ ಒಂದು ಚಿಟಿಕೆ ಅಡಗಿ ಕೂತಿತ್ತು.

"ಗೀರು ಹೋಗೂದಿಲ್ರಿ ಅಳಿಯಂದ್ರ," ಅಂದರು. "ದೊಡ್ಡ ಗೀರು ಹೋಗಿ ಸಣ್ಣ ಗೀರು ಬರ್ತಾವ. ಕಣ್ಣಿಗೆ ಕಾಣದಷ್ಟು ಸಣ್ಣ ಆದ್ರ ಅದಕ್ಕ ಪಾಲಿಶ್ ಅಂತಾರ. ನಡುವ ಒಂದ ದೊಡ್ಡ ಕಾಳು ಬಂತಂದ್ರ ಮತ್ತ ಮೊದಲಿಂದ."

ನಾನು ಅಷ್ಟು ದಿನ ಪಾಲಿಶ್ ಅಂದರೆ ಮೇಲೆ ಹಚ್ಚುವ ಏನೋ ಅಂದುಕೊಂಡಿದ್ದೆ. ಈಗ ಪಾಲಿಶ್‌ಗೆ ಬೇರೆಯೇ ಡಬ್ಬಿ. ಪ್ರತಿ ಹಂತದ ನಂತರ ಕಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದಾಗಿ ತೊಳೆಯುವುದು ಮಗಳ ಕೆಲಸ. ಕಲ್ಲಿಗೆ ನಾಲ್ಕಾಣೆ ಸಂಬಳ ಅಂತ ಅಜ್ಜ ಒಪ್ಪಿಕೊಂಡಿದ್ದಾರೆ. ನಾಲ್ಕಾಣೆ ಅಂದರೆ ಏನು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ಬಿರುಕು, ತೂತು ಇರುವ ಕಲ್ಲನ್ನು ಈ ಸಲ ಮೊದಲೇ ತೆಗೆದಿಟ್ಟೆವು, ಪುಡಿ ಅಡಗಲು ಅದೂ ಒಳ್ಳೆ ಜಾಗ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳ. ಮೊಸಾಯಿಕ್‌ಗೆ ಕೊನೆಯ ಹೊಳಪು ಬರೋದು ಆಕ್ಸಾಲಿಕ್ ಆಸಿಡ್‌ನಿಂದ, ಇದಕ್ಕೂ ಅದೇ ಹಾಕೋಣ ಅಂತ ಮಾವ. ಅದು ಕೆಲಸ ಮಾಡೋದು ಮಾರ್ಬಲ್ ಚೂರಿನ ಮೇಲೆ, ಸುಣ್ಣದ ಅಂಶದ ಜೊತೆ ಸೇರಿ. ಅಗೇಟ್‌ನಲ್ಲಿ ಸುಣ್ಣ ಎಲ್ಲಿದೆ ಅಂತ ನಾನು. ನಾಲ್ಕು ಕಲ್ಲು ಒಂದು ರಾತ್ರಿ ನೆನೆಸಿ ನೋಡಿದೆವು. ಹೊಳಪು ಬರಲಿಲ್ಲ. ಆದರೆ ಮೇಲಿದ್ದ ತುಕ್ಕಿನ ಕಂದು ಕಲೆ ಪೂರ್ತಿ ಹೋಗಿ, ಒಳಗಿನ ಬೂದು ನೀಲಿ ಬಂತು. ಹಾಗಾಗಿ ಇಬ್ಬರೂ ಗೆದ್ದೆವು ಅಂತ ಇಬ್ಬರೂ ಹೇಳಿಕೊಳ್ಳುತ್ತಿದ್ದೇವೆ. ಆ ಆಸಿಡ್ ವಿಷ. ಕೈಗವಸು ಹಾಕಿ ತಾರಸಿಯ ಮೇಲೆ ಮಾತ್ರ ಬಳಸುತ್ತೇವೆ, ಅದರ ಡಬ್ಬ ಬೀಗದೊಳಗೆ. ಹಾಗೇ, ಕೈಯಲ್ಲಿ ಕಲ್ಲು ಉಜ್ಜುವಾಗ ನೀರಿಲ್ಲದೆ ಉಜ್ಜಲು ಮಾವ ಬಿಡುವುದೇ ಇಲ್ಲ. ಕಲ್ಲಿನ ದೂಳು ಕುಡಿದು ಎದೆ ಕೆಡಿಸಿಕೊಂಡವರನ್ನು ಅವರು ಕಂಡಿದ್ದಾರೆ.

ಚೀಲದ ಒಂದು ಚೂರು ಡಬ್ಬಿಗೆ ಹೋಗಲಿಲ್ಲ. ಕಿರುಬೆರಳಿನ ಅರ್ಧ ಉದ್ದ, ಉಗುರಿನಷ್ಟು ಅಗಲ. ಎರಡೂ ಅಂಚು ನೇರ, ಬೆನ್ನ ಮೇಲೆ ಉದ್ದಕ್ಕೆ ಒಂದು ಏಣು. ಕೃಷ್ಣಾ, ಭೀಮಾ ಸೀಮೆಯಲ್ಲಿ ಶಿಲಾಯುಗದ ಜನ ಇಂಥ ಕಲ್ಲಿನಿಂದಲೇ ಚಿಕ್ಕ ಅಲಗು ಸೀಳುತ್ತಿದ್ದರು. ಡಬ್ಬಿಗೆ ಹಾಕಿದ್ದರೆ ಒಂದೇ ವಾರದಲ್ಲಿ ಅದು ಗುಂಡಗಿನ ಕಡಲೆ ಆಗಿರುತ್ತಿತ್ತು. ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇವೆ. ಊರಿಗೆ ಹೋದಾಗ ಪುರಾತತ್ವದವರಿಗೆ ತೋರಿಸಬೇಕು. ಯಾವ ಹೊಲದ್ದು ಅಂತ ಮಾವನಿಗೆ ನೆನಪಿದೆ, ಅದನ್ನೂ ಚೀಟಿಯಲ್ಲಿ ಬರೆದಿಟ್ಟೆ.

ಈ ಸುತ್ತಿನ ಲೆಕ್ಕ: ಶುರುವಿನಲ್ಲಿ 1,850 ಗ್ರಾಂ, 80ನೇ ನಂಬರ್ ಮುಗಿದಾಗ 1,430, ಆಮೇಲಿನ ಎರಡು ಹಂತದಲ್ಲಿ ಇಳಿದಿದ್ದು ಬರೀ 40. ಪಾಲಿಶ್ ಶುರುವಾಗಿ ಆರು ದಿನ.

ನಿನ್ನೆ ಸಂಜೆ ತಡೆಯಲಾಗದೆ ಒಂದು ಕಲ್ಲು ತೆಗೆದೆ. ಒದ್ದೆಯಲ್ಲಿ ಎಲ್ಲ ಕಲ್ಲೂ ಹೊಳೆಯುತ್ತೆ, ಅದನ್ನು ನಂಬಬಾರದು. ಒರೆಸಿ, ಆರಿಸಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದೆವು. ನೆಲಕ್ಕೆ ಮಾವ ಮಾಡುತ್ತಿದ್ದ ಪರೀಕ್ಷೆ ಅದು, ಟ್ಯೂಬಿನ ಅಂಚು ಗೆರೆ ಎಳೆದ ಹಾಗೆ ಕಾಣಬೇಕು. ಕಲ್ಲಿನ ಮೇಲೆ ಟ್ಯೂಬ್ ಕಾಣಿಸಿತು, ಆದರೆ ಅಂಚು ಸ್ವಲ್ಪ ಮಸುಕು.

"ಇನ್ನ ಮೂರ ದಿನ ಬಿಡ್ರಿ," ಅಂದರು ಮಾವ.

ರಾತ್ರಿ ಕರೆಂಟ್ ಹೋಯಿತು. ಡಬ್ಬಿ ನಿಂತರೆ ಕೆಸರು ತಳಕ್ಕೆ ಕೂತು ಗಟ್ಟಿಯಾಗುತ್ತೆ. ಎರಡು ಗಂಟೆಗೆ ಎದ್ದು ನೋಡಿದರೆ ಮಾವ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು, ಕೈಯಲ್ಲೇ ಡಬ್ಬಿ ಉರುಳಿಸುತ್ತಾ ಕೂತಿದ್ದರು.