ಪಹಣಿ ಇದ್ದೋರಿಗೆ ಬಿಸಿಲಿನ ಬಾಡಿಗೆ

ಪಾವಗಡ ಅಂದ್ರೆ ನಮ್ ತುಮಕೂರು ಕಡೆಯೋರಿಗೆ ಮೊದ್ಲು ನೆನಪಾಗ್ತಿದ್ದಿದ್ದು ಶನಿಮಹಾತ್ಮನ ದೇವಸ್ಥಾನ, ಆಮೇಲೆ ಬರ, ಆಮೇಲೆ ಫ್ಲೋರೈಡ್ ನೀರು. ಈಗ ಗೂಗಲ್ ಮಾಡಿದ್ರೆ ಬರೀ ಸೋಲಾರ್ ಪಾರ್ಕ್. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುತ್ತ 13,000 ಎಕರೆ, 2,050 ಮೆಗಾವ್ಯಾಟ್. 2018ರಲ್ಲಿ ಉದ್ಘಾಟನೆ ಆಯ್ತು, 2019ರ ಕೊನೆಗೆ ಪೂರ್ತಿ ರೆಡಿ. ಡ್ರೋನ್ ವಿಡಿಯೋದಲ್ಲಿ ನೋಡಿದ್ರೆ ಕೆರೆ ಕೋಡಿ ಬಿದ್ದಂಗೆ ಕಾಣ್ಸುತ್ತೆ, ಅದೂ ಪಾವಗಡದಲ್ಲಿ!

ಇನ್ನೊಂದ್ ತಮಾಷೆ ನೋಡಿ, ಚಳಿಗಾಲದಲ್ಲಿ ಉತ್ತರದ ಊರುಗಳಿಗೆ ವಾರಗಟ್ಟಲೆ ಸೂರ್ಯನೇ ಹುಟ್ಟದ ಫಿನ್ಲೆಂಡಿನ ಕಂಪನಿ ಫೋರ್ಟಮ್ ಇಲ್ಲಿಗೆ ಬಂದು ಪ್ಲಾಂಟ್ ಹಾಕ್ತು. ಆ ಟೈಮಲ್ಲಿ ಇಂಡಿಯಾಗೆ ಬರ್ತಿದ್ದ ಪ್ಯಾನೆಲ್‌ಗಳು ಜಾಸ್ತಿ ಚೀನಾದವು. ಬಿಸಿಲು ಮಾತ್ರ ನಮ್ದು.

ರೈತರ ಭೂಮಿ ಕಿತ್ಕೊಂಡ್ರು ಅಂತ ಬರೆಯೋಕೆ ಇಲ್ಲಿ ಆಗಲ್ಲ, ಯಾಕಂದ್ರೆ ಸರ್ಕಾರ ಜಮೀನು ಕೊಂಡ್ಕೊಳ್ಳಲೇ ಇಲ್ಲ, ಲೀಸ್‌ಗೆ ತಗೊಂತು. ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಂದ್ ಸಲ 5 ಪರ್ಸೆಂಟ್ ಏರಿಕೆ, ಪಹಣಿ ರೈತರ ಹೆಸರಲ್ಲೇ. ಅಲ್ಲಿರೋ ನಮ್ ಸಂಬಂಧಿಕರೊಬ್ರು "ಮಳೆ ಬರ್ಲಿ ಬಿಡ್ಲಿ, ದುಡ್ಡು ಬಿದ್ದೇ ಬೀಳ್ತೈತೆ ಕಣಪ್ಪ" ಅಂತಾರೆ. ಕಡ್ಲೆಕಾಯಿ ಹಾಕಿ, ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟು, ಹಾಕಿದ ಬಿತ್ತನೆ ಬೀಜದ ದುಡ್ಡೂ ವಾಪಸ್ ಬರ್ದೇ ಇರೋ ವರ್ಷಗಳನ್ನ ನೋಡಿದೋರು ಅವರು. ನಾನಾಗಿದ್ರೂ ಸೈನ್ ಹಾಕ್ತಿದ್ದೆ.

ಆದ್ರೆ ಬಾಡಿಗೆ ಪಹಣಿಯಲ್ಲಿ ಹೆಸರಿದ್ದೋರಿಗೆ. ಆ ಹೊಲದಲ್ಲಿ ಕಳೆ ಕೀಳ್ತಿದ್ದೋರು, ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಉಳ್ತಿದ್ದೋರು, ಕೊಯ್ಲಾದ್ಮೇಲೆ ಕುರಿ ಮೇಯಿಸ್ತಿದ್ದೋರು, ಇವರ್ಯಾರ ಹೆಸರೂ ಯಾವ ಅಗ್ರಿಮೆಂಟಲ್ಲೂ ಇಲ್ಲ. ಇವರ ಜಮೀನು ಹೋಗಿಲ್ಲ, ಯಾಕಂದ್ರೆ ಇರ್ಲೇ ಇಲ್ಲ, ಹಂಗಾಗಿ ಲೆಕ್ಕದಲ್ಲಿ ಇವರು ಕಳ್ಕೊಂಡಿದ್ದು ಸೊನ್ನೆ. ಟೀ ಅಂಗಡಿ ಹತ್ರ ಒಬ್ಬ ಹೆಂಗಸು ಹೇಳಿದ್ದು ಇದು: "ಕಡ್ಲೆಕಾಯಿ ಕೀಳೋ ಟೈಮಲ್ಲಿ ಮನೆ ಬಾಗ್ಲಿಗೆ ಬಂದು ಕರ್ಯೋರು ಕಣಣ್ಣ, ಈಗ ನಾವೇ ಗೇಟ್ ಹತ್ರ ಹೋಗಿ ನಿಂತ್ಕೋಬೇಕು, ಒಳಗೆ ಬಿಡೋದು ಬಿಡೋದಿಲ್ಲ ಕಾಂಟ್ರಾಕ್ಟರ್ ಇಷ್ಟ." ಕೆಲ್ಸ ಅಂದ್ರೆ ಪ್ಯಾನೆಲ್ ತೊಳೆಯೋದು, ಕೆಳಗೆ ಬೆಳೆದ ಹುಲ್ಲು ಕೊಯ್ಯೋದು, ಗಂಡಸರಿಗಾದ್ರೆ ಸೆಕ್ಯೂರಿಟಿ ಡ್ರೆಸ್. ಹುಲ್ಲು ಬಿಟ್ರೆ ಪ್ಯಾನೆಲ್ ಮೇಲೆ ನೆರಳು ಬೀಳುತ್ತೆ, ಕರೆಂಟ್ ಕಮ್ಮಿ ಆಗುತ್ತೆ. ಮೊದ್ಲು ಅದೇ ಹುಲ್ಲಿಗೆ ಕುರಿ ಬರ್ತಿದ್ವು, ಈಗ ಸುತ್ತ ಬೇಲಿ.

ಇನ್ನ ತೊಳೆಯೋ ನೀರು. ಧೂಳು ಕೂತ್ರೆ ಪ್ಯಾನೆಲ್ ಸರಿಯಾಗಿ ಕೆಲ್ಸ ಮಾಡಲ್ಲ, ತೊಳೀಲೇಬೇಕು, ಅದೂ ಕುಡಿಯೋ ನೀರಿಗೇ ವರ್ಷಗಟ್ಟಲೆ ಒದ್ದಾಡಿದ ತಾಲೂಕಲ್ಲಿ. ರಾಜಸ್ಥಾನದ ಸೋಲಾರ್ ಪಾರ್ಕ್‌ಗಳಲ್ಲಿ ಆಗ್ಲೇ ನೀರಿಲ್ಲದೆ ಒರೆಸೋ ರೋಬೋಟ್ ಬಂದಿವೆ. ಇಲ್ಲೂ ಎಲ್ಲಾ ಕಡೆ ಬಂದ್ರೆ ನೀರು ಉಳಿಯುತ್ತೆ, ಒಳ್ಳೇದೇ, ಆದ್ರೆ ಗೇಟ್ ಹತ್ರ ನಿಲ್ಲೋ ಆ ಹೆಂಗಸಿಗೆ ಸಿಗ್ತಿರೋ ನಾಕು ದಿನದ ಕೂಲೀನೂ ಹೋಗುತ್ತೆ. ನೀರಾ ಕೂಲಿನಾ ಅಂತ ಕೇಳಿದ್ರೆ ನನ್ ಹತ್ರ ಉತ್ತರ ಇಲ್ಲ.

"ನಮ್ಮೂರಲ್ಲೇ ಹುಟ್ಟಿದ ಕರೆಂಟ್ ನಮಗೇ ಇಲ್ವಲ್ಲ" ಅನ್ನೋ ಮಾತೂ ಕೇಳಿದೀನಿ. ಅದು ಸಬ್‌ಸ್ಟೇಷನ್ ಸೇರಿ ದೊಡ್ಡ ಲೈನಲ್ಲಿ ಗ್ರಿಡ್‌ಗೆ ಹೋಗುತ್ತೆ, ಊರಿನ ಟ್ರಾನ್ಸ್‌ಫಾರ್ಮರ್‌ಗೂ ಅದಕ್ಕೂ ನೇರ ಸಂಬಂಧ ಇಲ್ಲ ಅಂತ ವಿವರಿಸ್ಬಹುದು, ಆದ್ರೆ ಕತ್ತಲಲ್ಲಿ ಕೂತೋರಿಗೆ ಅದು ಸಮಾಧಾನ ಅಲ್ಲ ಬಿಡಿ.

ಈಗ ಪಾರ್ಕ್ ಇನ್ನೂ ದೊಡ್ಡದು ಮಾಡೋ ಮಾತು ನಡೀತಿದೆ. ಹೊಸ ಅಗ್ರಿಮೆಂಟಲ್ಲಿ ಯೂನಿಟ್‌ಗೆ ಒಂದೇ ಒಂದು ಪೈಸೆ ಜಮೀನಿಲ್ಲದ ಕೂಲಿ ಮನೆಗಳಿಗೆ ಅಂತ ಬರೆದ್ರೆ ಏನಾಗುತ್ತೆ? ಮೆಗಾವ್ಯಾಟ್‌ಗೆ ವರ್ಷಕ್ಕೆ ಬರೀ 15 ಲಕ್ಷ ಯೂನಿಟ್ ಅಂತ ಹಿಡಿದ್ರೂ ಈಗಿರೋ 2,050 ಮೆಗಾವ್ಯಾಟ್‌ಗೆ 300 ಕೋಟಿ ಯೂನಿಟ್ ದಾಟುತ್ತೆ, ಅಂದ್ರೆ ವರ್ಷಕ್ಕೆ 3 ಕೋಟಿ ರೂಪಾಯಿ. ಬಿಲ್ ಕಟ್ಟೋ ಬೆಂಗಳೂರಿನ ನಮಗೆ ಆ ಪೈಸೆ ಗೊತ್ತೂ ಆಗಲ್ಲ.