ಗೇಟಿನ ಬಳಿ ಚಪ್ಪಾಳೆ

ಕಂಪಿನಾಸ್‌ಗೆ ಬಂದ ಹೊಸತರಲ್ಲಿ ಗೇಟಿನಾಚೆ ಯಾರಾದರೂ ಚಪ್ಪಾಳೆ ತಟ್ಟಿದರೆ ನನಗೆ ಸಿಟ್ಟು ಬರುತ್ತಿತ್ತು. ಬ್ರೆಜಿಲ್‌ನಲ್ಲಿ ಮನೆಯವರನ್ನು ಕರೆಯುವ ಕ್ರಮವೇ ಅದು ಎಂದು ಆಮೇಲೆ ತಿಳಿಯಿತು. ಈಗ ಬೆಳಗಿನ ಹೊತ್ತು ಆ ಸದ್ದು ಕೇಳಿದರೆ ಹೆಂಡತಿ ಕಾಫಿಗೆ ನೀರಿಡುತ್ತಾಳೆ. ಬಡಾವಣೆಯ ಆರೋಗ್ಯ ಕಾರ್ಯಕರ್ತೆ ಬಂದಿರುತ್ತಾರೆ.

ಮಗಳ ಲಸಿಕೆ ಪುಸ್ತಕ ತಿರುವುತ್ತಾರೆ, ಪಕ್ಕದ ಮನೆಯ ಅಜ್ಜ ಬಿಪಿ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸುತ್ತಾರೆ. ತುಳಸಿ ಕುಂಡದ ತಟ್ಟೆಯಲ್ಲಿ ನೀರು ನಿಂತಿದ್ದರೆ ಮುಲಾಜಿಲ್ಲದೆ ಚೆಲ್ಲಿ, ಮರಳು ತುಂಬಿಸಿ ಎನ್ನುತ್ತಾರೆ. ಡೆಂಗಿ ಇಲ್ಲಿಯೂ ಬೆನ್ನು ಬಿಟ್ಟಿಲ್ಲ. ಒಬ್ಬ ಕಾರ್ಯಕರ್ತೆಯ ಪಾಲಿಗೆ ಹೆಚ್ಚೆಂದರೆ 750 ಜನ. ಅದೇ ಪ್ರದೇಶದಲ್ಲಿ ವಾಸವಿರಬೇಕೆಂಬುದು ಕಾನೂನು. ನನ್ನ ಅತ್ತಿಗೆ ಹಾಸನದ ಕಡೆ ಆಶಾ ಕಾರ್ಯಕರ್ತೆ. ಕೆಲಸ ಹೆಚ್ಚುಕಡಿಮೆ ಇದೇ.

ಬೇರೆಯಾಗುವುದು ದುಡ್ಡಿನ ವಿಷಯದಲ್ಲಿ. 1987ರಲ್ಲಿ ಬ್ರೆಜಿಲ್‌ನ ಸಿಯಾರಾ ರಾಜ್ಯದಲ್ಲಿ ಬರ ಬಿದ್ದಾಗ ಹೆಂಗಸರಿಗೆ ಕೂಲಿ ಕೊಡಲು ಹುಟ್ಟಿದ ಏರ್ಪಾಡು ಇದು. ಬರ ಮುಗಿದರೂ ರಾಜ್ಯ ಅದನ್ನು ಕೈಬಿಡಲಿಲ್ಲ; 1991ರಲ್ಲಿ ದೇಶಕ್ಕೇ ಹಬ್ಬಿತು. 2022ರ ಮೇ ತಿಂಗಳಲ್ಲಿ ಇಲ್ಲಿನ ಸಂವಿಧಾನದ 120ನೇ ತಿದ್ದುಪಡಿ ಬಂತು: ಇವರ ಸಂಬಳ ಎರಡು ಕನಿಷ್ಠ ವೇತನಕ್ಕಿಂತ ಕಡಿಮೆ ಇರಕೂಡದು, ಆ ಹಣ ಕೇಂದ್ರ ಸರ್ಕಾರದ್ದು. 2025ರ ಲೆಕ್ಕಕ್ಕೆ 3,036 ರಿಯಾಲ್ (ಗಲ್ಫಿನದಲ್ಲ), ಅಂದರೆ ನಲವತ್ತು ಸಾವಿರ ರೂಪಾಯಿಗೂ ಮೇಲೆ. ಇಲ್ಲಿನ ಬಾಡಿಗೆಗೆ ಅದು ದೊಡ್ಡ ಮೊತ್ತವೇನಲ್ಲ. ಆದರೆ ತಿದ್ದುಪಡಿಯ ಜಾಣತನ ಇನ್ನೊಂದು ಸಾಲಿನಲ್ಲಿದೆ. ನಗರಸಭೆಗಳು ಸಿಬ್ಬಂದಿಗೆ ಎಷ್ಟು ಖರ್ಚು ಮಾಡಬಹುದೆಂಬುದಕ್ಕೆ ಮಿತಿ ಇದೆ. ಕೇಂದ್ರದಿಂದ ಬರುವ ಈ ಹಣವನ್ನು ಆ ಮಿತಿಗೆ ಸೇರಿಸುವಂತಿಲ್ಲ. "ಮಿತಿ ಮೀರುತ್ತದೆ, ಏನು ಮಾಡಲಿ" ಎಂದು ಮೇಯರ್ ಕೈ ಚೆಲ್ಲುವ ಹಾಗಿಲ್ಲ.

ನಮ್ಮಲ್ಲಿ 2005ರಿಂದಲೂ ಆಶಾ ಎಂದರೆ ಸ್ವಯಂಸೇವಕಿ. ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು ಎಂಬ ಪ್ರೋತ್ಸಾಹಧನ, ಜೊತೆಗೆ ರಾಜ್ಯದ ಗೌರವಧನ. ದುಡ್ಡು ಬರಬೇಕಾದರೆ ಕೆಲಸ ಮುಗಿಸಿದರೆ ಸಾಲದು, ಅದು ಸರ್ಕಾರದ ಪೋರ್ಟಲ್‌ನಲ್ಲೂ ಕಾಣಿಸಬೇಕು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನ ಚಳಿಯಲ್ಲಿ ಧರಣಿ ಕುಳಿತ ಆಶಾಗಳಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಅತ್ತಿಗೆಯೂ ಹೋಗಿದ್ದರು, ಗಂಟಲು ಕಟ್ಟಿಸಿಕೊಂಡು ಬಂದರು. ಭರವಸೆಯನ್ನು ಮುಂದಿನ ಬಜೆಟ್ ಮರೆಯಬಹುದು. ಸಂವಿಧಾನದ ಸಾಲನ್ನು ಅಳಿಸುವುದು ಅಷ್ಟು ಸುಲಭವಲ್ಲ. ಬ್ರೆಜಿಲ್‌ನವರು ಅದನ್ನೂ ಬೀದಿಗಿಳಿದೇ ಪಡೆದದ್ದು ಎನ್ನಿ.

ಮೊನ್ನೆ ಇದನ್ನೆಲ್ಲ ಅತ್ತಿಗೆಗೆ ಫೋನಿನಲ್ಲಿ ಹೇಳಿದೆ. ಎಷ್ಟು ಸಂಬಳ ಎಂದು ಅವರು ಬೆರಗಾಗಲಿಲ್ಲ. "ಯಾವ ತಾರೀಕಿಗೆ ಬರುತ್ತದಂತೆ, ಕೇಳಿ ಹೇಳಪ್ಪ" ಎಂದರು. ಈ ತಿಂಗಳು ಚಪ್ಪಾಳೆ ಕೇಳಿದಾಗ ಕೇಳಿದೆ. ನಮ್ಮ ಕಾರ್ಯಕರ್ತೆ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ನನ್ನ ಪೋರ್ಚುಗೀಸ್ ತಪ್ಪಾಯಿತೇನೋ ಎಂದುಕೊಂಡು ಮತ್ತೊಮ್ಮೆ ಬಿಡಿಸಿ ಕೇಳಿದೆ.

"ತಿಂಗಳು ಮುಗಿದರೆ ಬರುತ್ತದಲ್ಲ," ಎಂದರು.